ಕೊಲೆಯ ಕಥನ ಮತ್ತು ತಿರುಗಿಬಿದ್ದ ಸಾಕ್ಷಿ

ಕೊಲೆಯ ಕಥೆ ಕೇಳುವ ಚಪಲ ಹೊಸದೇನಲ್ಲ. ಲಾವಣಿಯಲ್ಲಿ ಕೇಳಿದ್ದಾಯಿತು, ಪತ್ತೇದಾರಿ ಕಾದಂಬರಿಯಲ್ಲಿ ಓದಿದ್ದಾಯಿತು, ಈಗ ಪಾಡ್‌ಕಾಸ್ಟ್. ನಾನಿರುವ ಮೈಸೂರಿನ ಮಂಡಿ ಮೊಹಲ್ಲಾದ ಟೀ ಅಂಗಡಿ ಮುಂದೆ ನಿಂತ ಹುಡುಗರ ಕಿವಿಯಲ್ಲೂ ಅದೇ, ನನ್ನ ಕ್ಲಾಸಿನ ಹುಡುಗಿಯರ ಕಿವಿಯಲ್ಲೂ ಅದೇ. ಇದನ್ನು ಬರೀ ಟೈಂಪಾಸ್ ಅಂತ ನಮ್ಮ ವಿಮರ್ಶೆ ತಳ್ಳಿಹಾಕಬಾರದು. ಯಾರ ಸಾವು ಕಥೆಯಾಗುತ್ತದೆ, ಯಾರ ಸಾವು ಆಗುವುದಿಲ್ಲ ಅನ್ನುವುದು ಸಾಹಿತ್ಯದ ಪ್ರಶ್ನೆ. ಜಾತಿಯ ಪ್ರಶ್ನೆಯೂ ಹೌದು.

2014ರಲ್ಲಿ ಅಮೆರಿಕದ ‘ಸೀರಿಯಲ್’ ಜನಪ್ರಿಯಗೊಳಿಸಿದ ಈ ಪ್ರಕಾರಕ್ಕೆ ಒಂದೇ ಬಂಡವಾಳ: ಕೊಂದವರು ಯಾರು? ಆ ಅಚ್ಚಿಗೆ ಒಗ್ಗುವ ಪ್ರಕರಣಗಳು ನಮ್ಮಲ್ಲೂ ಇವೆ. 1987ರಲ್ಲಿ ಕೇರಳದ ವಕೀಲ ರಶೀದ್ ಬೆಂಗಳೂರಿಗೆ ಬಂದು, ಪೊಲೀಸರ ಕೈಗೆ ಸಿಕ್ಕಿ, ಕೊನೆಗೆ ಸೇಲಂ ಕಡೆಯ ರೈಲು ಹಳಿ ಪಕ್ಕ ಹೆಣವಾಗಿ ಸಿಕ್ಕರು. ಗೃಹಮಂತ್ರಿ ಆರ್. ಎಲ್. ಜಾಲಪ್ಪ ರಾಜೀನಾಮೆ ಕೊಟ್ಟರು, ಆರೋಪಿಯಾದರು, ನ್ಯಾಯಾಲಯದಲ್ಲಿ ಖುಲಾಸೆಯಾದರು. 1991ರಲ್ಲಿ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರೆ ಖಲೀಲಿ ಬೆಂಗಳೂರಿನಲ್ಲಿ ಕಾಣೆಯಾದರು. 1994ರಲ್ಲಿ ಮನೆಯಂಗಳ ಅಗೆದಾಗ ಅಸ್ಥಿ ಸಿಕ್ಕಿತು. 2023ರಲ್ಲಿ ಅದು ‘ಡ್ಯಾನ್ಸಿಂಗ್ ಆನ್ ದಿ ಗ್ರೇವ್’ ಎಂಬ ಸಾಕ್ಷ್ಯಚಿತ್ರ ಸರಣಿಯೂ ಆಯಿತು. ಮಂತ್ರಿ, ಬಂಗಲೆ, ಬಚ್ಚಿಟ್ಟ ಹೆಣ. ಕಥೆಗೆ ಇನ್ನೇನು ಬೇಕು?

ಈಗ ಕಂಬಾಲಪಲ್ಲಿಗೆ ಬನ್ನಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಈ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯದಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. ಅಷ್ಟು ದೂರವೂ ಬೇಡ. ನಮ್ಮ ಮೈಸೂರು ಜಿಲ್ಲೆಯದೇ ಬದನವಾಳು. ದೇವಸ್ಥಾನ ಪ್ರವೇಶದ ತಕರಾರಿನ ಬೆನ್ನಿಗೆ 1993ರ ಮಾರ್ಚಿನಲ್ಲಿ ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವೆ ಅಂದು ನಿಂತುಹೋದ ದಾರಿ ಮತ್ತೆ ತೆರೆದದ್ದು 2022ರಲ್ಲಿ, ರಾಹುಲ್ ಗಾಂಧಿಯ ಪಾದಯಾತ್ರೆ ಬಂದಾಗ. ಇಪ್ಪತ್ತೊಂಬತ್ತು ವರ್ಷ ಒಂದು ದಾರಿ ಮುಚ್ಚಿತ್ತು! ನಾನು ಕೇಳಿದ ಕಂತುಗಳಲ್ಲಿ ಈ ಎರಡೂ ಊರುಗಳ ಹೆಸರಿಲ್ಲ.

ಯಾಕಿಲ್ಲ? ಕೇಳುಗರಿಗೆ ಕರುಣೆ ಇಲ್ಲ ಅಂತಲ್ಲ. ಈ ಪ್ರಕಾರದ ಚೌಕಟ್ಟೇ ಹಾಗಿದೆ. ಅದಕ್ಕೆ ಕತ್ತಲಲ್ಲಿ ನಡೆದ ಕೊಲೆ ಬೇಕು, ಒಬ್ಬ ಜಾಣ ಕೊಲೆಗಾರ ಬೇಕು. ಜಾತಿಯ ಕೊಲೆ ಗುಂಪಾಗಿ, ಊರೆದುರು ನಡೆಯುತ್ತದೆ. ಅಲ್ಲಿ ನಿಗೂಢ ಇರುವುದು ಕೊಲೆಯಲ್ಲಲ್ಲ, ಕೊಲೆಯ ಆಮೇಲೆ. ಕಂಡವರು ಕಾಣಲಿಲ್ಲ ಅಂದದ್ದು ಹೇಗೆ? ಸಾಕ್ಷಿ ಹೇಳಬೇಕಾದವನಿಗೆ ಕೂಲಿ ಯಾರ ಹೊಲದಲ್ಲಿ, ನೀರು ಯಾರ ಬೋರ್‌ವೆಲ್ಲಿನದು, ಸಾಲ ಯಾರ ಹತ್ತಿರ? ವರ್ಷಗಟ್ಟಲೆ ಅದೇ ಊರಲ್ಲಿ ಬಾಳಿ, ಆಮೇಲೆ ಕಟಕಟೆ ಹತ್ತಬೇಕು. ಪತ್ತೇದಾರಿಕೆ ಬೇಕಾದದ್ದು ಇಲ್ಲಿ.

ನಮ್ಮ ಸಾಹಿತ್ಯಕ್ಕೆ ಇದು ಗೊತ್ತಿತ್ತು. ದೇವನೂರ ಮಹಾದೇವರ ‘ಒಡಲಾಳ’ವೂ ಒಂದರ್ಥದಲ್ಲಿ ಅಪರಾಧದ ಕಥೆಯೇ. ಕದ್ದ ಕಡಲೆಕಾಯಿ ರಾತ್ರೋರಾತ್ರಿ ಒಂದು ಮನೆಯ ಹೊಟ್ಟೆ ಸೇರುತ್ತದೆ. ಬೆಳಗಾದರೆ ಪೊಲೀಸರ ಹುಡುಕಾಟ. ಯಾರು ತಿಂದರು ಅನ್ನುವುದು ಓದುಗನಿಗೆ ಮೊದಲೇ ಗೊತ್ತು. ಹಾಗಾಗಿ ಉಳಿಯುವ ಪ್ರಶ್ನೆ ಕಳ್ಳತನದ್ದಲ್ಲ, ಹಸಿವಿನದು. ‘ಯಾರು’ ಅನ್ನುವುದು ಇತ್ಯರ್ಥವಾದ ಮೇಲೇ ದಲಿತ ಕಥನ ಶುರುವಾಗುವುದು.

ಪಾಡ್‌ಕಾಸ್ಟಿಗೂ ಇದು ಆಗದ ಕೆಲಸವಲ್ಲ. ಅಮೆರಿಕದ ಮಿಸಿಸಿಪಿಯಲ್ಲಿ ಕರ್ಟಿಸ್ ಫ್ಲವರ್ಸ್ ಎಂಬ ಕರಿಯ ಮನುಷ್ಯನನ್ನು 1996ರ ಒಂದೇ ಪ್ರಕರಣಕ್ಕಾಗಿ ಆರು ಸಲ ವಿಚಾರಣೆಗೆ ಗುರಿಮಾಡಿದರು. ಸರ್ಕಾರಿ ವಕೀಲ ಪ್ರತಿ ಸಲವೂ ಅವನೇ. 2018ರಲ್ಲಿ ‘ಇನ್ ದಿ ಡಾರ್ಕ್’ ತಂಡ ಆ ವಕೀಲ ಕರಿಯರನ್ನು ಜ್ಯೂರಿಯಿಂದ ಹೇಗೆ ಹೊರಗಿಡುತ್ತಿದ್ದ ಅಂತ ಹಳೇ ದಾಖಲೆ ಕೆದಕಿ ಲೆಕ್ಕ ಹಾಕಿತು. 2019ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದುಮಾಡಿತು. 2020ರಲ್ಲಿ ಮೊಕದ್ದಮೆಯೇ ಬಿದ್ದುಹೋಯಿತು. ಅವರು ತನಿಖೆ ಮಾಡಿದ್ದು ಕೊಲೆಯನ್ನಷ್ಟೇ ಅಲ್ಲ, ನ್ಯಾಯಾಲಯವನ್ನೂ.

‘ನಮ್ಮ ಹೆಣಾನೂ ಜಾಹೀರಾತಿನ ಮಧ್ಯೆ ಮಾರಬೇಕಾ?’ ಅಂತ ಸಂಘಟನೆಯ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಸಿಟ್ಟು. ಹಿನ್ನೆಲೆ ಸಂಗೀತ ಹಾಕಿ ನಟರಿಂದ ಚೀರಿಸುವ ಕಥನ ನಮಗೆ ಖಂಡಿತ ಬೇಡ. ಆದರೆ ಮೌನವೂ ಕೊಂದವರ ಪರವೇ ಕೆಲಸ ಮಾಡುತ್ತದಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದು, ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೇ 15ಎ ಎಂಬ ಕಲಂ ಸೇರಿತು. ಈ ಕಾಯ್ದೆಯ ಮೊಕದ್ದಮೆಗಳ ಕಲಾಪವನ್ನು ವಿಡಿಯೋ ದಾಖಲೆ ಮಾಡಬೇಕು ಅಂತಲೂ ಅದು ಹೇಳುತ್ತದೆ. ಅಂದರೆ ಸಾಕ್ಷಿಯ ದನಿ ಉಳಿಯಬೇಕು ಅನ್ನುವುದು ನಮ್ಮ ಭಾವಾವೇಶವಲ್ಲ, ಕಾನೂನು.

ಮೊಬೈಲ್ ಹಿಡಿದ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ತಾಲೂಕಿನ ಒಂದು ಖುಲಾಸೆಯ ತೀರ್ಪು ಹುಡುಕಿ ಓದಿ. ಸಾಕ್ಷಿ ಹೇಳಿದವರ ಬಳಿ ಹೋಗಿ, ಅವರು ಒಪ್ಪಿದರೆ ಮಾತ್ರ, ಅವರು ಹೇಳಿದಷ್ಟನ್ನೇ ದಾಖಲಿಸಿ. ಯಾರು ಕೊಂದರು ಅಂತ ಕೇಳಬೇಡಿ. ನಿಮ್ಮನ್ನು ಸುಮ್ಮನಾಗಿಸಿದ್ದು ಏನು ಅಂತ ಕೇಳಿ.