ಬೋಳುತಲೆಗೆ ಗುರಿಯಿಟ್ಟ ಸೀಸ

ಕವಣೆಯಲ್ಲಿಟ್ಟು ಬೀಸುವ ಸೀಸದ ಗುಂಡು ನೋಡಲು ಖರ್ಜೂರದಷ್ಟೇ. ಬಿದ್ದ ಜಾಗದಲ್ಲಿ ಮೂಳೆ ಉಳಿಯುವುದಿಲ್ಲ. ಅದೂ ಸಾಲದೆಂದು ರೋಮನ್ ಸೈನಿಕರು ಅದರ ಮೇಲೆ ಬೈಗುಳ ಬರೆಯುತ್ತಿದ್ದರು.

ಕ್ರಿ.ಪೂ. 41ರ ಚಳಿಗಾಲ. ಇಟಲಿಯ ಪೆರುಸಿಯಾ (ಇಂದಿನ ಪೆರೂಜ) ಕೋಟೆಯೊಳಗೆ ರೋಮನ್ ನಾಯಕ ಮಾರ್ಕ್ ಆಂಟನಿಯ ತಮ್ಮ ಲೂಸಿಯಸ್. ಹೊರಗೆ ಮುತ್ತಿಗೆ ಹಾಕಿ ಕೂತವನು ಆಕ್ಟೇವಿಯನ್, ಅಂದರೆ ಮುಂದಿನ ಅಗಸ್ಟಸ್. ಎರಡೂ ಕಡೆ ರೋಮನ್ನರೇ, ಹಾಗಾಗಿ ಬೈದದ್ದು ಅನುವಾದವಿಲ್ಲದೆ ತಲುಪುತ್ತಿತ್ತು. ಒಂದು ಗುಂಡು ಲೂಸಿಯಸ್‌ನನ್ನು ‘ಬೋಳ’ ಎಂದು ಕರೆದು, ಆಂಟನಿಯ ಹೆಂಡತಿ ಫುಲ್ವಿಯಾಳನ್ನೂ ಸೇರಿಸಿಕೊಂಡು ಇಬ್ಬರಿಗೂ ಒಂದು ಸೂಚನೆ ಕೊಡುತ್ತದೆ. ಅದು ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ. ಒಳಗಿನವರು ಆಕ್ಟೇವಿಯನ್‌ಗೆ ಕಳಿಸಿದ ಉತ್ತರಗಳೂ ಸೊಂಟದ ಕೆಳಗಿನವೇ. ನನ್ನನ್ನು ಕಾಡುವುದು ಮಾತ್ರ ಬೇರೆ: ಗುಂಡಿನ ಮೇಲೆ ಅಕ್ಷರ ಉಬ್ಬಿ ಮೂಡಬೇಕಾದರೆ ಅಚ್ಚಿನಲ್ಲಿ ಅದನ್ನು ತಿರುಗುಮುರುಗಾಗಿ ಕೊರೆಯಬೇಕು. ಯುದ್ಧದ ನಡುವೆ ಒಬ್ಬ ಪುಣ್ಯಾತ್ಮ ಕುಕ್ಕರಗಾಲಲ್ಲಿ ಕೂತು, ನಾಲಗೆ ಕಚ್ಚಿಕೊಂಡು, ಕನ್ನಡಿಯೊಳಗಿನ ಅಕ್ಷರದಲ್ಲಿ ‘ಬೋಳ’ ಎಂದು ಕೆತ್ತಿದ್ದಾನೆ. ಹತ್ತು ವರ್ಷದಿಂದ ನನ್ನ ತಲೆಯೂ ಬಯಲೇ. ಆದರೂ ಅವನ ಶ್ರದ್ಧೆಗೆ ಕೈಮುಗಿಯುತ್ತೇನೆ.

ಆದರೆ ಶತ್ರುವನ್ನು ಬೈಯುವುದು ಸುಲಭ. ಹಳೆಯ ಸೈನಿಕರ ನಗೆಯನ್ನು ಕೆದಕುವ ಹವ್ಯಾಸದಲ್ಲಿ ಪಳಗಿದವರು ಹುಡುಕುವುದು ಸೈನಿಕ ತನ್ನ ಧಣಿಯ ಮೇಲೆಯೇ ಹಾರಿಸಿದ ಚಟಾಕಿಯನ್ನು. ಕ್ರಿ.ಪೂ. 58ರಲ್ಲಿ ಜರ್ಮನ್ ದೊರೆ ಅರಿಯೊವಿಸ್ಟಸ್, ಸಂಧಾನಕ್ಕೆ ಕುದುರೆ ಸವಾರರನ್ನಷ್ಟೇ ಕರೆತಾ ಎಂದು ರೋಮನ್ ಸೇನಾಪತಿ ಜೂಲಿಯಸ್ ಸೀಸರ್‌ಗೆ ಹೇಳಿದ. ಸೀಸರ್‌ನ ಬಳಿಯಿದ್ದ ಸವಾರರು ಗಾಲ್ ನಾಡಿನವರು. ಅವರ ಮೇಲೆ ಅವನಿಗೆ ನಂಬಿಕೆಯಿಲ್ಲ. ಅವರನ್ನು ಇಳಿಸಿ, ತನ್ನ ಹತ್ತನೇ ಲೀಜನ್ನಿನ (ಸೇನಾದಳದ) ಕಾಲಾಳುಗಳನ್ನು ಆ ಕುದುರೆಗಳ ಮೇಲೆ ಹತ್ತಿಸಿದ. ಲ್ಯಾಟಿನ್ನಿನಲ್ಲಿ ಸವಾರನಿಗೂ, ಸೆನೆಟರುಗಳಿಗಿಂತ ಒಂದೇ ಮೆಟ್ಟಿಲು ಕೆಳಗಿನ ಶ್ರೀಮಂತ ವರ್ಗಕ್ಕೂ ಒಂದೇ ಪದ. ಅಂಗರಕ್ಷಕರಾಗಿ ಮಾಡುತ್ತೇನೆ ಎಂದಿದ್ದ, ಈಗ ನೋಡಿದರೆ ಸಾಹುಕಾರರನ್ನೇ ಮಾಡಿಬಿಟ್ಟ ಎಂದನಂತೆ ಒಬ್ಬ. ತಮಾಷೆಯಾಗಿತ್ತೆಂದು ಒಪ್ಪಿಕೊಂಡು ಸೀಸರ್ ತನ್ನ ಪುಸ್ತಕದಲ್ಲೇ ಅದನ್ನು ಬರೆದಿಟ್ಟ. ಹೇಳಿದವನ ಹೆಸರು ಬರೆಯಲಿಲ್ಲ, ದೊಡ್ಡವರ ಅಭ್ಯಾಸ.

ಎಲ್ಲ ನಗೆಯೂ ಹೀಗೆ ಹಗುರವಲ್ಲ. ಲೂಸಿಲಿಯಸ್ ಎಂಬ ಸೆಂಚೂರಿಯನ್, ಅಂದರೆ ತುಕಡಿಯ ಅಧಿಕಾರಿ, ಸೈನಿಕರ ಬೆನ್ನ ಮೇಲೆ ಬೆತ್ತ ಮುರಿದು ‘ಇನ್ನೊಂದು ತಾ’ ಎಂದು ಕೂಗುತ್ತಿದ್ದ. ಅದೇ ಅವನ ಅಡ್ಡಹೆಸರಾಯಿತು. ಕ್ರಿ.ಶ. 14ರಲ್ಲಿ ಪನೋನಿಯಾ ಪ್ರಾಂತ್ಯದಲ್ಲಿ ದಂಗೆಯೆದ್ದವರು ಅವನನ್ನು ಕೊಂದೇಬಿಟ್ಟರು.

ಆ ಮಟ್ಟಿಗೆ ಸೀಸರ್ ಅದೃಷ್ಟವಂತ. ಕ್ರಿ.ಪೂ. 46ರ ವಿಜಯೋತ್ಸವದಲ್ಲಿ ಅವನ ಸೈನಿಕರೇ ರೋಮಿನ ಬೀದಿಯಲ್ಲಿ ಹಾಡುತ್ತ ಹೊರಟರು: ಬೋಳುತಲೆಯ ರಸಿಕ ಬರುತ್ತಿದ್ದಾನೆ, ಗಂಡಂದಿರು ಎಚ್ಚರವಾಗಿರಬೇಕು ಎಂಬ ಅರ್ಥದಲ್ಲಿ. ಹಿಂದಿನ ಕೂದಲನ್ನು ಮುಂದಕ್ಕೆ ಬಾಚಿ, ಅದರ ಮೇಲೆ ಲಾರೆಲ್ ಎಲೆಯ ಕಿರೀಟವನ್ನೂ ಇಟ್ಟುಕೊಳ್ಳುತ್ತಿದ್ದವನು ಇಷ್ಟನ್ನೂ ನುಂಗಿಕೊಂಡ. ಆದರೆ ಹರೆಯದಲ್ಲಿ ಬಿಥಿನಿಯಾದ ರಾಜ ನಿಕೊಮಿಡೀಸನ ಜತೆ ಇತ್ತೆನ್ನಲಾದ ಸಲಿಗೆಯನ್ನು ಹಾಡಿಗೆ ತಂದಾಗ ಮಾತ್ರ ತಡೆಯಲಾಗಲಿಲ್ಲ. ಅದೆಲ್ಲ ಸುಳ್ಳು ಎಂದು ಆಣೆಯಿಟ್ಟ. ಜನ ಇನ್ನಷ್ಟು ನಕ್ಕರು.