ಯಾರ ಕಡೆಯವರು ನೀವು?

ನಾನು ಕಂಡಷ್ಟು ಆಸ್ಪತ್ರೆಗಳ ಎಮರ್ಜೆನ್ಸಿ ಬಾಗಿಲಲ್ಲಿ "ಏನಾಗಿದೆ?" ಅನ್ನೋದಕ್ಕಿಂತ ಮೊದಲು ಇನ್ನೆರಡು ಪ್ರಶ್ನೆ ಬರುತ್ತವೆ. ಒಂದು, "ಫೈಲ್ ಮಾಡಿಸಿದ್ರಾ?" ಇನ್ನೊಂದು ಸ್ವಲ್ಪ ದನಿ ತಗ್ಗಿಸಿ ಕೇಳುವಂಥದ್ದು: "ಯಾರ ಕಡೆಯವರು ನೀವು?"

ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಈ ಬರಹ ಆ ಉತ್ತರದ ಬಗ್ಗೆ.

ಹೋದ ಚಳಿಗಾಲದ ಒಂದು ಬೆಳಗ್ಗೆ, ಐದೂವರೆ ಹೊತ್ತಿಗೆ, ಊರಲ್ಲಿ ಅಪ್ಪ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದ. ಬಲಗೈಯಲ್ಲಿದ್ದ ತಂಬಿಗೆ ಜಾರಿತು. ಬಗ್ಗಿ ಎತ್ತಿಕೊಳ್ಳೋಣ ಅಂದರೆ ಕೈ ಮಾತು ಕೇಳಲಿಲ್ಲ. ಅಮ್ಮ ಫೋನ್ ಮಾಡಿ, "ನಿಮ್ಮಪ್ಪಂಗೆ ಬಾಯಿ ಒಂದ್ಕಡೆ ಹೋಗ್ಬಿಟ್ಟೈತೆ ಕಣೋ, ಮಾತು ತೊದಲ್ತಾವ್ರೆ" ಅಂದಳು. ಚಿಕ್ಕಪ್ಪನ ಮಗ ಕಾರಲ್ಲಿ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದ. ಅಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲ. "ಸ್ಟ್ರೋಕ್ ಥರ ಇದೆ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದರು. ಯಾವ ದೊಡ್ಡಾಸ್ಪತ್ರೆ ಅಂತ ಹೇಳಲಿಲ್ಲ. ಅದನ್ನು ತೀರ್ಮಾನ ಮಾಡಿದವನು ನಾನು. "ಬೆಂಗಳೂರಿಗೇ ಬಂದ್ಬಿಡ್ರೋ, ಇಲ್ಲಿ ನಾನಿದ್ದೀನಿ" ಅಂದೆ. ಜಿಲ್ಲಾ ಕೇಂದ್ರದಲ್ಲಿ, ಮುಕ್ಕಾಲು ಗಂಟೆ ದೂರದಲ್ಲಿ, ಸ್ಕ್ಯಾನ್ ಇತ್ತು. ನನಗೆ ಗೊತ್ತಾಗಿದ್ದು ವಾರ ಕಳೆದ ಮೇಲೆ.

ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್‌ಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸ್ಕ್ಯಾನ್ ಮಾಡಿ, ಒಳಗೆ ರಕ್ತಸ್ರಾವ ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಅಪ್ಪನ ಲೆಕ್ಕದಲ್ಲಿ ಗಡುವು ಬೆಳಗ್ಗೆ ಹತ್ತು ಗಂಟೆ. ಕಾರು ಆಸ್ಪತ್ರೆ ತಲುಪಿದ್ದು ಒಂಬತ್ತೂಕಾಲಿಗೆ. ನಲವತ್ತೈದು ನಿಮಿಷ ಕೈಯಲ್ಲಿತ್ತು.

ಸೆಕ್ಯುರಿಟಿಯವನು ಕಾರು ಪಕ್ಕಕ್ಕೆ ಹಾಕಿಸಿದ. ಸ್ಟ್ರೆಚರ್ ಹುಡುಕಿದ್ವಿ. ಕೌಂಟರಲ್ಲಿ ಆಧಾರ್, ಇನ್ಶೂರೆನ್ಸ್ ಕಾರ್ಡು, ಅಡ್ವಾನ್ಸು. ಒಳಗೆ ಹನ್ನೆರಡು ಮಂಚ, ಹನ್ನೆರಡೂ ಭರ್ತಿ. ಅಪ್ಪನ ಸ್ಟ್ರೆಚರ್ ಕಾರಿಡಾರಿನ ಗೋಡೆಗೆ ಒರಗಿ ನಿಂತಿತು. ಒಬ್ಬ ನರ್ಸಮ್ಮ ಓಡಾಡುತ್ತಲೇ "ಡಾಕ್ಟ್ರು ಬರ್ತಾರೆ, ವೇಟ್ ಮಾಡಿ" ಅಂದರು. ಎಷ್ಟು ಹೊತ್ತಿಂದ ಹೀಗಾಗಿದೆ ಅಂತ ಆವರೆಗೆ ಯಾರೂ ಕೇಳಿರಲಿಲ್ಲ.

ನಮಗಿಂತ ಮುಂದೆ, ನೆಲದ ಮೇಲೆ, ಹೊಟ್ಟೆ ಹಿಡಿದುಕೊಂಡು ಒಬ್ಬ ಹುಡುಗ ಕೂತಿದ್ದ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದು. ಅಂಗಿ ಮೇಲೆಲ್ಲ ಸಿಮೆಂಟಿನ ಕಲೆ. ಪಕ್ಕದಲ್ಲಿ ಹೆಂಡತಿ, ಸೆರಗಲ್ಲಿ ಮಗು. ಏಳು ಗಂಟೆಯಿಂದ ಇಲ್ಲೇ ಇದೀವ್ರಿ ಅಂದಳು.

ಸುಮಾರು ಹತ್ತು ಗಂಟೆಗೆ ನಾನು ಫೋನ್ ತೆಗೆದೆ. ನಮ್ಮ ಟೀಮ್ ಲೀಡ್ ಹೆಂಡತಿ ಅದೇ ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ ಇದ್ದಾರೆ ಅಂತ ಆಗ ನೆನಪಾಯಿತು. ಐದೇ ನಿಮಿಷ. ವಾರ್ಡ್‌ಬಾಯ್ ಬಂದು ನನ್ನ ಹೆಸರು ಹಿಡಿದು ಕೂಗಿದ, ಸ್ಟ್ರೆಚರ್ ಚಕ್ರ ಉರುಳಿತು. ಆ ಹೆಣ್ಣುಮಗಳು ಕಾಲು ಮಡಚಿ ದಾರಿ ಬಿಟ್ಟು, "ನಿಮ್ಮಪ್ಪಾರಿಗೆ ಭಾಳ ಜಾಸ್ತಿ ಆಗೇತೇನ್ರಿ ಅಣ್ಣಾ? ಹೋಗ್ರಿ, ನೀವ್ ಮುಂದ ಹೋಗ್ರಿ" ಅಂದಳು.

ಸ್ಕ್ಯಾನ್ ಮುಗಿದಾಗ ಹತ್ತು ಇಪ್ಪತ್ತು. ಡಾಕ್ಟರು ನಮ್ಮನ್ನು ಕೂರಿಸಿ, ಇಂಜೆಕ್ಷನ್ ಕೊಡುವ ಸಮಯ ಮೀರಿದೆ ಅಂದರು. ಕೊಟ್ಟಿದ್ದರೆ ಅಪ್ಪನ ಕೈ ಪೂರ್ತಿ ಸರಿಹೋಗುತ್ತಿತ್ತು ಅಂತ ನಾನು ಹೇಳಲಾರೆ. ಆ ಔಷಧ ಎಲ್ಲರಿಗೂ ಕೊಡುವಂಥದ್ದಲ್ಲ, ಕೊಟ್ಟವರಿಗೆಲ್ಲ ಕೆಲಸ ಮಾಡುವಂಥದ್ದೂ ಅಲ್ಲ. ಆದರೆ ಒಂದು ಸಾಧ್ಯತೆ ಇತ್ತು, ಅದು ಕಾರಿಡಾರಿನಲ್ಲಿ ಮುಗಿದುಹೋಯಿತು.

ಈಗ ನನ್ನ ಕಸುಬಿನ ಭಾಷೆಯಲ್ಲಿ ಮಾತಾಡ್ತೀನಿ.

ಅಪ್ಪನನ್ನು ಆ ಹುಡುಗನಿಗಿಂತ ಮೊದಲು ಒಳಗೆ ಕರೆದದ್ದು ಬಹುಶಃ ಸರಿಯೇ. ಸ್ಟ್ರೋಕ್‌ಗೆ ಪ್ರತಿ ನಿಮಿಷ ಲೆಕ್ಕ. ಆದರೆ ಅಪ್ಪನನ್ನು ಕರೆದದ್ದು ಸ್ಟ್ರೋಕ್ ಅಂತಲ್ಲ, ನನ್ನ ಫೋನಲ್ಲಿ ಒಂದು ನಂಬರ್ ಇತ್ತು ಅಂತ. ಔಟ್‌ಪುಟ್ ಸರಿ, ಲಾಜಿಕ್ ತಪ್ಪು. ಇಂಥ ಕೋಡ್ ಟೆಸ್ಟಿಂಗಲ್ಲಿ ಪಾಸಾಗಿಬಿಡುತ್ತೆ, ಅದೇ ಅದರ ಅಪಾಯ. ನಾಳೆ ಅದೇ ಬಾಗಿಲಿಗೆ ಬೆರಳು ಉಳುಕಿಸಿಕೊಂಡ ಶಾಸಕರ ಭಾವಮೈದ ಬರ್ತಾನೆ, ಎದೆನೋವಿನ ಮುದುಕಿಯೊಬ್ಬಳು ಒಬ್ಬಳೇ ಬರ್ತಾಳೆ. ಅದೇ ಲಾಜಿಕ್ ಓಡುತ್ತೆ.

ತುರ್ತು ಚಿಕಿತ್ಸೆಯಲ್ಲಿ ಕಾಯಿಸುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ಯಾರನ್ನಾದರೂ ಕಾಯಿಸಲೇಬೇಕು. ಯಾರನ್ನು ಅನ್ನೋದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರ ಇದೆ, ಅದರ ಹೆಸರು ಟ್ರಯಾಜ್. ನೆಪೋಲಿಯನ್ನನ ಸೈನ್ಯದ ಸರ್ಜನ್ ಡೊಮಿನಿಕ್ ಲಾರಿ ಇನ್ನೂರು ವರ್ಷದ ಹಿಂದೆಯೇ ರಣರಂಗದಲ್ಲಿ ನಿಯಮ ಮಾಡಿದ್ದ: ಗಾಯ ಎಷ್ಟು ಗಂಭೀರ ಅಂತ ನೋಡಿ, ಗಾಯಗೊಂಡವನ ಹುದ್ದೆ ನೋಡಬೇಡಿ. ಈಗ ಅದು ಕೆಂಪು, ಹಳದಿ, ಹಸಿರು ಅಂತ ಬಣ್ಣಗಳಾಗಿದೆ. ದೆಹಲಿಯ ಏಮ್ಸ್ ನಮ್ಮ ಪರಿಸ್ಥಿತಿಗೆ ಹೊಂದುವ ಹಾಗೆ ತನ್ನದೇ ಒಂದು ಟ್ರಯಾಜ್ ವಿಧಾನ ಮಾಡಿಕೊಂಡಿದೆ. ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿ ನಮ್ಮ ವೈದ್ಯಕೀಯ ಮಂಡಳಿ ಒಪ್ಪಿಕೊಂಡದ್ದೇ 2009ರಲ್ಲಿ. ಅಂದರೆ ಶಾಸ್ತ್ರ ಇದೆ, ಓದಿದವರೂ ಇದ್ದಾರೆ. ನಾನು ನಿಂತ ಬಾಗಿಲಲ್ಲಿ ಮಾತ್ರ ಅವರಿಗಿಂತ ಮುಂದೆ ಬಿಲ್ಲಿಂಗ್ ಕೌಂಟರ್ ಕೂತಿತ್ತು.

ಬಾಗಿಲ ದೋಷ ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. 2008ರ ಸೆಪ್ಟೆಂಬರಿನಲ್ಲಿ ಕೆನಡಾದ ವಿನ್ನಿಪೆಗ್ ನಗರದಲ್ಲಿ ಬ್ರಯನ್ ಸಿಂಕ್ಲೇರ್ ಎಂಬ ಮೂಲನಿವಾಸಿ, ಎರಡೂ ಕಾಲಿಲ್ಲದವನು, ವೀಲ್‌ಚೇರಿನಲ್ಲಿ ಎಮರ್ಜೆನ್ಸಿಗೆ ಬಂದ. ಮೂತ್ರಕೋಶದ ಸೋಂಕು, ಗುಣಪಡಿಸಬಹುದಾದ ಕಾಯಿಲೆ. 34 ಗಂಟೆ ಕಾದು, ಕೂತ ವೀಲ್‌ಚೇರಿನಲ್ಲೇ ಸತ್ತ. ಅಲ್ಲಿ ದುಡ್ಡಿನ ಪ್ರಶ್ನೆ ಇರಲಿಲ್ಲ. ಬಂದ ಕೂಡಲೇ ಸಿಬ್ಬಂದಿಯೊಬ್ಬರ ಜೊತೆ ಮಾತಾಡಿದ್ದ, ಆದರೆ ಅವನ ಹೆಸರು ಸರದಿಗೆ ಸೇರಲೇ ಇಲ್ಲ. ನೋಡಿದವರಲ್ಲಿ ಕೆಲವರು ಕುಡಿದಿದ್ದಾನೆ ಅಂದುಕೊಂಡರು, ಕೆಲವರು ಮನೆಯಿಲ್ಲದವನು ಬೆಚ್ಚಗೆ ಕೂತಿದ್ದಾನೆ ಅಂದುಕೊಂಡರು. ಸಾಲಿನಲ್ಲಿ ಕೂತಿರೋದು ಬೇರೆ, ಸಾಲಿಗೆ ಸೇರಿರೋದು ಬೇರೆ. ಸಿಮೆಂಟಿನ ಅಂಗಿಯ ಹುಡುಗ ಯಾವುದರಲ್ಲಿದ್ದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಒಳಗಿನ ಹನ್ನೆರಡು ಮಂಚದ ವಿಷಯ. "ನೆಗಡಿ ಜ್ವರದವರೆಲ್ಲ ಎಮರ್ಜೆನ್ಸಿಗೇ ಬರ್ತಾರೆ, ಅದಕ್ಕೇ ರಶ್ಶು" ಅನ್ನೋ ಮಾತು ನೀವೂ ಕೇಳಿರ್ತೀರಿ. ಅರ್ಧ ಸತ್ಯ ಅದು. ನೆಗಡಿಯವನು ಮಾತ್ರೆ ತಗೊಂಡು ಹತ್ತು ನಿಮಿಷಕ್ಕೆ ಹೋಗ್ತಾನೆ, ಅವನಿಗೆ ಮಂಚವೇ ಬೇಕಿಲ್ಲ. ಮಂಚ ಹಿಡಿದಿರೋದು ಅಡ್ಮಿಟ್ ಆಗಬೇಕು ಅಂತ ತೀರ್ಮಾನವಾಗಿಯೂ ಮೇಲೆ ವಾರ್ಡಲ್ಲಿ ಜಾಗ ಸಿಗದೆ ಕೆಳಗೇ ಉಳಿದವರು. ಲೆಕ್ಕ ಹಾಕಿ. ಒಬ್ಬೊಬ್ಬರಿಗೆ ಎರಡು ಗಂಟೆ ಬೇಕು ಅಂದ್ರೆ ಹನ್ನೆರಡು ಮಂಚದಲ್ಲಿ ಗಂಟೆಗೆ ಆರು ಜನರನ್ನು ನೋಡಬಹುದು. ಆರು ಮಂಚ ವಾರ್ಡಿಗೆ ಕಾಯುವವರ ಕೈಲಿದ್ದರೆ ಗಂಟೆಗೆ ಮೂರೇ ಜನ. ಬಾಗಿಲಿಗೆ ಬರುವವರು ಕಮ್ಮಿಯಾಗಲ್ಲ, ಸಾಲು ಬೆಳೀತಾ ಹೋಗುತ್ತೆ. ಇಂಗ್ಲೆಂಡಿನಲ್ಲಿ ನೂರಕ್ಕೆ 95 ಜನರನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕು ಅಂತ ಗುರಿ ಇಟ್ಟಿದ್ದರು. 2015ರಿಂದೀಚೆಗೆ ದೇಶದ ಮಟ್ಟದಲ್ಲಿ ಅದನ್ನು ಮುಟ್ಟಲಾಗಿಲ್ಲ. ಅಲ್ಲಿಯೂ ದೊಡ್ಡ ಕಾರಣಗಳಲ್ಲೊಂದು ಇದೇ: ಮೇಲೆ ಬೆಡ್ ಖಾಲಿಯಾಗದೆ ಕೆಳಗೆ ಖಾಲಿಯಾಗಲ್ಲ.

ಮೇಲೆ ಯಾಕೆ ಖಾಲಿಯಾಗಲ್ಲ? ಈ ಪ್ರಶ್ನೆ ನಮ್ಮಂಥವರ ಮನೆಬಾಗಿಲಿಗೇ ಬರುತ್ತೆ. ನನ್ನ ಹೆಂಡತಿಯ ಹೆರಿಗೆಯಾದಾಗ ಬೆಳಗ್ಗೆ ಡಿಸ್ಚಾರ್ಜ್ ಅಂದರು, ಮನೆಗೆ ಬಂದಿದ್ದು ಸಂಜೆ. ಇಡೀ ದಿನ ರೂಮಿನಲ್ಲಿ ಕೂತು ಇನ್ಶೂರೆನ್ಸ್ ಅಪ್ರೂವಲ್ಲಿಗೆ ಕಾದ್ವಿ, ಮೊಬೈಲಲ್ಲಿ ಸಿನಿಮಾ ನೋಡಿದ್ವಿ. ಅದೇ ಹೊತ್ತಲ್ಲಿ ಕೆಳಗಿನ ಕಾರಿಡಾರಿನಲ್ಲಿ ಯಾರದೋ ಅಪ್ಪ ಮಲಗಿದ್ದಿರಬಹುದು. ಆಗ ನನಗೆ ಅದು ಹೊಳೆಯಲೂ ಇಲ್ಲ. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಡಿಸ್ಚಾರ್ಜ್ ಮನವಿ ಬಂದ ಮೂರು ಗಂಟೆಯೊಳಗೆ ಕಂಪನಿಗಳು ಅನುಮತಿ ಕೊಡಬೇಕು ಅಂತ ಸುತ್ತೋಲೆ ಹೊರಡಿಸಿದೆ. ನಿಮ್ಮ ಡಿಸ್ಚಾರ್ಜ್ ತಡವಾದಾಗ ಈ ನಿಯಮ ಹಿಡಿದು ಜಗಳ ಮಾಡಿ. ಅದು ನಿಮ್ಮೊಬ್ಬರ ಜಗಳ ಅಲ್ಲ.

ಯಾವ ಆಸ್ಪತ್ರೆಗೆ ಹೋಗಬೇಕು ಅನ್ನೋ ಪ್ರಶ್ನೆ ಉಳಿಯಿತು, ನಾನು ತಪ್ಪು ಮಾಡಿದ ಪ್ರಶ್ನೆ. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದಲ್ಲಿ ಹಕೀಂ ಶೇಖ್ ಎಂಬ ಕೃಷಿಕಾರ್ಮಿಕ ರೈಲಿನಿಂದ ಬಿದ್ದು ತಲೆಗೆ ಏಟಾಯಿತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಸುತ್ತಿಸಿದರು. ಕೆಲವು ಕಡೆ ಸೌಲಭ್ಯ ಇಲ್ಲ, ಕೆಲವು ಕಡೆ ಬೆಡ್ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಕೈಯಿಂದ ದುಡ್ಡು ಕಟ್ಟಿ ಬದುಕಿಕೊಂಡ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಕೋರ್ಟು, ಇದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಉಲ್ಲಂಘನೆ ಅಂತ ಹೇಳಿ, 25,000 ರೂಪಾಯಿ ಪರಿಹಾರ ಕೊಡಿಸಿತು. ಜೊತೆಗೆ, ಎಲ್ಲಿ ಬೆಡ್ ಇದೆಯೋ ಅಲ್ಲಿಗೇ ರೋಗಿಯನ್ನು ನೇರ ಕಳಿಸಲು ಒಂದು ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕು ಅಂತಲೂ ಹೇಳಿತು.

ನಮ್ಮ ಭಾಷೆಯಲ್ಲಿ ಅದು ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್. 1996ರಲ್ಲೇ ಸೈನ್ ಆಫ್ ಆಗಿದೆ. ಕಷ್ಟದ ಪ್ರಾಜೆಕ್ಟೂ ಅಲ್ಲ. ಕೋವಿಡ್ ಕಾಲದಲ್ಲಿ ಬಿಬಿಎಂಪಿ ಯಾವ ಆಸ್ಪತ್ರೆಯಲ್ಲಿ ಎಷ್ಟು ಬೆಡ್ ಖಾಲಿ ಅಂತ ಪೋರ್ಟಲ್‌ನಲ್ಲಿ ಹಾಕುತ್ತಿತ್ತು. ಅಲ್ಲೂ 2021ರ ಮೇನಲ್ಲಿ ಬೆಡ್ ಬ್ಲಾಕಿಂಗ್ ಆರೋಪ ಎದ್ದಿತು, ಅಂದರೆ "ಯಾರ ಕಡೆಯವರು" ಅನ್ನೋ ಪ್ರಶ್ನೆ ಸಾಫ್ಟ್‌ವೇರಿನ ಒಳಕ್ಕೂ ನುಗ್ಗಿತ್ತು. ಆದರೂ ಇಂಥದ್ದೊಂದು ಕಟ್ಟಬಹುದು ಅನ್ನೋದಂತೂ ಸಾಬೀತಾಯಿತು. ಅಪ್ಪ ಬಿದ್ದ ಬೆಳಗ್ಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರ ಕೈಯಲ್ಲೂ ನನ್ನ ಕೈಯಲ್ಲೂ ಅಂಥದ್ದೇನೂ ಇರಲಿಲ್ಲ. ದಿನಸಿ ಎಷ್ಟು ನಿಮಿಷಕ್ಕೆ ಬಾಗಿಲಿಗೆ ಬರುತ್ತೆ ಅಂತ ಲೆಕ್ಕ ಹಾಕುವ ಕೋಡ್ ನನ್ನ ಸಹಪಾಠಿಗಳೇ ಬರೀತಾರೆ. ಸಿ.ಟಿ. ಸ್ಕ್ಯಾನ್ ಎಲ್ಲಿದೆ ಅಂತ ಹೇಳುವ ಒಂದು ಪುಟ ನಮಗೆ ಸಿಗಲಿಲ್ಲ.

ಎಮರ್ಜೆನ್ಸಿಯಲ್ಲಿದ್ದ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣು ಕೆಂಪಗಾಗಿದ್ದ ಆ ಹುಡುಗಿ ನನ್ನ ತಂಗಿಗಿಂತ ಚಿಕ್ಕವಳು. ನಾವು ಕಾಯುತ್ತಿದ್ದಾಗಲೇ ಇನ್ನೊಬ್ಬ ರೋಗಿಯ ಕಡೆಯವರು ಅವಳ ಮೇಲೆ ಕೂಗಾಡಿ ಹೋಗಿದ್ದರು. ಕಾಯುವವರಿಗೆ ಯಾಕೆ, ಎಷ್ಟು ಹೊತ್ತು ಅಂತ ಯಾರೂ ಹೇಳದಿದ್ದಾಗ ಆ ಸಿಟ್ಟು ಎದುರಿಗೆ ಸಿಕ್ಕವರ ಮೇಲೆ ಬೀಳುತ್ತೆ. ಕೌಂಟರಿನ ಫೈಲಿಗಿಂತ ಮೊದಲು, ಬಂದ ಐದು ನಿಮಿಷದಲ್ಲಿ, ಟ್ರಯಾಜ್ ಕಲಿತ ಒಬ್ಬ ನರ್ಸ್ ಬಂದು "ಯಾವಾಗಿಂದ?" ಅಂತ ಕೇಳಿ, ಕೈಗೊಂದು ಬಣ್ಣದ ಪಟ್ಟಿ ಕಟ್ಟಿದರೆ ಸಾಕಿತ್ತು. ಅಪ್ಪನಿಗೆ ಕೆಂಪು ಸಿಗುತ್ತಿತ್ತು, ನನ್ನ ಫೋನ್ ಜೇಬಲ್ಲೇ ಇರುತ್ತಿತ್ತು. ಆ ಹುಡುಗನಿಗೂ ಯಾವುದೋ ಒಂದು ಬಣ್ಣ ಸಿಗುತ್ತಿತ್ತು, ಹೆಂಡತಿಗೆ ಯಾಕೆ ಕಾಯಬೇಕು ಅಂತಾದರೂ ಗೊತ್ತಾಗುತ್ತಿತ್ತು.

"ಹಾಗಾದ್ರೆ ನೀನು ಫೋನ್ ಮಾಡಬಾರದಿತ್ತಾ?" ಅಂತ ಗೆಳೆಯನೊಬ್ಬ ಕೇಳಿದ. ಮಾಡ್ತಿದ್ದೆ, ನಾಳೆಯೂ ಮಾಡ್ತೀನಿ. ಅಪ್ಪ ಸ್ಟ್ರೆಚರಿನಲ್ಲಿ ಮಲಗಿದ್ದಾಗ ತತ್ವ ನೆನಪಾಗಲ್ಲ. ಆದರೆ ಅಪ್ಪ ಮನೆಗೆ ಬಂದ ಮೇಲೆ, ನಮ್ಮ ಕೆಲಸ ಆಯ್ತಲ್ಲ ಅಂತ ಸುಮ್ಮನಾಗಿಬಿಡ್ತೀವಲ್ಲ, ತಪ್ಪು ಅಲ್ಲಿದೆ. ದೂರು ಕೊಡಬಲ್ಲವರು, ಇಂಗ್ಲಿಷಲ್ಲಿ ಇಮೇಲ್ ಬರೆಯಬಲ್ಲವರು, ಹತ್ತು ಜನರಿಗೆ ಕೇಳಿಸುವಂತೆ ಮಾತಾಡಬಲ್ಲವರು ನಾವೇ. ನಮಗೆ ಹಿಂಬಾಗಿಲು ಇರೋದರಿಂದ ಮುಂಬಾಗಿಲು ರಿಪೇರಿ ಆಗ್ತಿಲ್ಲ.

ನಾನು ಆ ಆಸ್ಪತ್ರೆಗೆ ಎರಡು ಪುಟದ ಪತ್ರ ಬರೆದಿದ್ದೀನಿ, ನಿಮಿಷ ನಿಮಿಷದ ಲೆಕ್ಕ ಹಾಕಿ. ಫೋನ್ ಮಾಡಿದ್ದನ್ನೂ ಸೇರಿಸಿದ್ದೀನಿ. ಉತ್ತರ ಇನ್ನೂ ಬಂದಿಲ್ಲ.

ಅಪ್ಪ ಈಗ ಎಡಗೈಯಲ್ಲಿ ಊಟ ಮಾಡೋದು ಕಲಿತಿದ್ದಾನೆ. ಹಾಲು ಕರೆಯುವ ಕೆಲಸ ಅಮ್ಮನದಾಗಿದೆ. ಮಾತು ಬಹುಪಾಲು ಮರಳಿದೆ. ಯುಗಾದಿಗೆ ಊರಿಗೆ ಹೋದಾಗ, ಜಗಲಿ ಮೇಲೆ ಕೂತಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ಅವತ್ತು ನೆಲದ ಮೇಲೆ ಕುಂತಿದ್ನಲ್ಲ, ಹೊಟ್ಟೆನೋವಿನ ಹುಡುಗ. ಅವನನ್ನ ಆಮೇಲೆ ಕರುದ್ರಾ?"

ಬಾಯಿ ಸೊಟ್ಟಗಾಗಿ, ಮಾತು ನಿಂತುಹೋಗಿ ಮಲಗಿದ್ದವನು ಅದನ್ನೆಲ್ಲ ನೋಡಿದ್ದ ಅಂತ ನನಗೆ ಗೊತ್ತಿರಲಿಲ್ಲ. ನಾನು ಅವತ್ತು ಹಿಂತಿರುಗಿ ಹೋಗಿ ವಿಚಾರಿಸಿರಲಿಲ್ಲ.

"ಗೊತ್ತಿಲ್ಲಪ್ಪ" ಅಂದೆ.