ಅಡಿಯ ಬೆಲೆ, ಆಣೆಯ ಅಳತೆ: ಅರಸೀಕೆರೆ–ಬೇಲೂರು ಸೀಮೆಯಲ್ಲಿ 11ಇ ನಕ್ಷೆ

ಒಂದು ಸರ್ವೆ ನಂಬರಿನ ಜಮೀನನ್ನು ಇಡಿಯಾಗಿ ಮಾರದೆ ಅದರ ಒಂದು ಭಾಗವನ್ನಷ್ಟೇ ಮಾರಬೇಕಾದ ರೈತನಿಗೆ ಕರ್ನಾಟಕದ ಕಂದಾಯ ಆಡಳಿತ ವಿಧಿಸಿರುವ ಮೊದಲ ಷರತ್ತು 11ಇ ನಕ್ಷೆ. ಮಾರಲಿರುವ ಭಾಗವನ್ನು ಸರ್ಕಾರಿ ಭೂಮಾಪಕರು ಅಥವಾ ಪರವಾನಗಿ ಪಡೆದ ಭೂಮಾಪಕರು ಕ್ರಯಪತ್ರಕ್ಕೆ ಮೊದಲೇ ಅಳೆದು, ಅದರ ವಿಸ್ತೀರ್ಣವನ್ನೂ ಎಲ್ಲೆಗಳನ್ನೂ ಗುರುತಿಸಿ ಸಿದ್ಧಪಡಿಸುವ ಈ ನಕ್ಷೆಯನ್ನು ಪತ್ರಕ್ಕೆ ಲಗತ್ತಿಸಬೇಕು. ನೋಂದಣಿಯ ನಂತರ ಹಕ್ಕು ಬದಲಾವಣೆ ಮುಗಿದಾಗ ಆ ಭಾಗ ಹೊಸ ಹಿಸ್ಸಾ ಸಂಖ್ಯೆಯೊಡನೆ, ಅಂದರೆ ಮೂಲ ನಂಬರಿನ ಪ್ರತ್ಯೇಕ ಪಾಲಾಗಿ, ಪಹಣಿಯಲ್ಲಿ ಕಾಣಿಸಿಕೊಳ್ಳುತ್ತದೆ. ಈ ಪದ್ಧತಿ ಬರುವ ಮೊದಲು ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಎಂಬಂತೆ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿಯ ಬಲದಿಂದಲೇ ಪತ್ರಗಳು ನೋಂದಣಿಯಾಗುತ್ತಿದ್ದವು. ನೆಲವನ್ನು ಅಳೆದು ಬೇರ್ಪಡಿಸುವ ಪೋಡಿಯ ಕೆಲಸ ಮುಂದಿನ ತಲೆಮಾರಿಗೆ ಉಳಿಯುತ್ತಿತ್ತು. ಅಳತೆ ಮೊದಲು, ಮಾರಾಟ ಆಮೇಲೆ ಎಂಬ ಕ್ರಮ ತಾತ್ವಿಕವಾಗಿ ಸರಿಯಾದದ್ದು ಎಂಬುದರಲ್ಲಿ ಸಂದೇಹವಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಇದು ನಡೆಯುತ್ತಿರುವ ಬಗೆಯನ್ನು ನೋಡಿದರೆ, ಈ ಕ್ರಮದ ಭಾರವನ್ನು ಯಾರು ಹೊರುತ್ತಿದ್ದಾರೆ, ಅದು ಯಾವ ಅಡಿಪಾಯದ ಮೇಲೆ ನಿಂತಿದೆ ಎಂಬ ಎರಡು ಪ್ರಶ್ನೆಗಳು ಮಾತ್ರ ಬಗೆಹರಿಯದೆ ಉಳಿಯುತ್ತವೆ.

ಈ ಸೀಮೆಗೆ ಅಳತೆಯ ದಾಖಲೆ ಹೊಸದೇನಲ್ಲ. ಹೊಯ್ಸಳರ ಕಾಲದ ದಾನಶಾಸನಗಳು ಭೂಮಿಯನ್ನು ಮತ್ತರು, ಕಂಬ, ಸಲಗೆ, ಕೊಳಗಗಳ ಲೆಕ್ಕದಲ್ಲಿ ಹೇಳುತ್ತವೆ. ಇವುಗಳಲ್ಲಿ ಕೊನೆಯ ಎರಡು ಬಿತ್ತನೆಯ ಬೀಜದ ಪ್ರಮಾಣದಿಂದ ನೆಲವನ್ನು ಅಳೆಯುವ ಮಾನಗಳು. ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲನ್ನೂ ವಿಷ್ಣು ದೇವಾಲಯಕ್ಕೆ ಬಿಟ್ಟ ಭೂಮಿಗೆ ವಾಮನಮುದ್ರೆಯ ಕಲ್ಲನ್ನೂ ನೆಡುವ ಪದ್ಧತಿ ಇತ್ತು. ದಾನಕ್ಕೆ ಮುನ್ನ ಎಲ್ಲೆ ಗೊತ್ತಾಗಬೇಕು, ಆ ಎಲ್ಲೆ ಊರವರ ಕಣ್ಣಿಗೆ ಕಾಣುವಂತಿರಬೇಕು ಎಂಬ ವಿವೇಕ ಆ ವ್ಯವಸ್ಥೆಯಲ್ಲಿತ್ತು. ಇಂದಿನ ಸರ್ವೆ ನಂಬರುಗಳ ಜಾಲವಾದರೋ 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯನ್ನು ಅನುಸರಿಸಿ ಆರಂಭವಾದ ಕಂದಾಯ ಮೋಜಣಿಯ ಫಲ. ಆ ಮೋಜಣಿಯ ಗುರಿ ಪ್ರತಿ ಹೊಲಕ್ಕೂ ಕಂದಾಯವನ್ನು ನಿಗದಿ ಮಾಡುವುದಾಗಿತ್ತೇ ವಿನಾ ಹೊಲವನ್ನು ತುಂಡು ಮಾಡಿ ಮಾರುವವನಿಗೆ ಆಧಾರ ಒದಗಿಸುವುದಾಗಿರಲಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಅಳತೆಯ ಸರಪಳಿಯೇ ತೋರಿಸುತ್ತದೆ. ಹಳೆಯ ಮೈಸೂರಿನ ಮೋಜಣಿಯಲ್ಲಿ ಬಳಸಿದ ಸರಪಳಿ 33 ಅಡಿ ಉದ್ದದ್ದು, ಅದರ ಹದಿನಾರನೆಯ ಒಂದು ಭಾಗ ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ, ಅಂದರೆ 1,089 ಚದರ ಅಡಿ, ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಪ್ರತಿ ಹೊಲದ ಕೈಬರಹದ ಅಳತೆ ಪುಸ್ತಿಕೆಯಾದ ಮೂಲ ಟಿಪ್ಪಣಿಯಲ್ಲಿ ಬದುಗಳ ಉದ್ದವನ್ನು ಸರಪಳಿ ಮತ್ತು ಆಣೆಗಳಲ್ಲೇ ಬರೆದಿದ್ದಾರೆ. ಒಂದು ಆಣೆ ಎಂದರೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಹತ್ತು ಸರಪಳಿ ಉದ್ದದ ಬದುವೊಂದು ಒಂದು ಆಣೆಯಷ್ಟು ಅತ್ತಿತ್ತ ಸರಿದರೆ ಬದಲಾಗುವ ನೆಲ ಸುಮಾರು 680 ಚದರ ಅಡಿ. ರಾಗಿ ಬೆಳೆಯುವ ಹೊಲಕ್ಕೆ ಕಂದಾಯ ಕಟ್ಟುವಾಗ ಈ ಅಂತರವನ್ನು ಯಾರೂ ಲೆಕ್ಕಿಸಬೇಕಾಗಿರಲಿಲ್ಲ. ಅದೇ ಹೊಲ ತುಮಕೂರು–ಶಿವಮೊಗ್ಗ ಹೆದ್ದಾರಿಯ ಮಗ್ಗುಲಿಗೋ ಅರಸೀಕೆರೆಯ ರೈಲು ಜಂಕ್ಷನ್ನಿನ ಸಮೀಪಕ್ಕೋ ಬಂದು 30 ಅಡಿ–40 ಅಡಿಯ ನಿವೇಶನಗಳ ಲೆಕ್ಕದಲ್ಲಿ ಬೆಲೆ ಕಟ್ಟಿಸಿಕೊಂಡಾಗ, ಆ 680 ಚದರ ಅಡಿ ಒಂದು ನಿವೇಶನದ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಆಣೆಯಲ್ಲಿ ಅಳೆದ ದಾಖಲೆಯನ್ನು ಮುಂದಿಟ್ಟುಕೊಂಡು ಅಡಿಯ ಲೆಕ್ಕದಲ್ಲಿ ಮಾರಾಟ ನಡೆಸುವುದೇ ಇಂದಿನ ಬಹುಪಾಲು ಎಲ್ಲೆ ತಕರಾರುಗಳ ಬೇರು. ಅದಕ್ಕೆ ಈಗ ಸ್ಥಳಕ್ಕೆ ಬರುವ ಭೂಮಾಪಕನನ್ನು ದೂಷಿಸಿ ಪ್ರಯೋಜನವಿಲ್ಲ.

ಅರಸೀಕೆರೆಯ ತೆಂಗಿನ ತೋಟಗಳಲ್ಲಿ ಈ ತೊಡಕು ಇನ್ನೊಂದು ರೂಪ ತಾಳುತ್ತದೆ. 30 ಅಡಿ ಅಂತರದಲ್ಲಿ ಸಸಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 48 ಮರಗಳು ನಿಲ್ಲುತ್ತವೆ, ಎಂದರೆ ಗುಂಟೆಗೆ ಒಂದು ಮರಕ್ಕಿಂತ ತುಸು ಹೆಚ್ಚು. ಅಣ್ಣತಮ್ಮಂದಿರು ತೋಟವನ್ನು ಮರದ ಸಾಲಿನ ಲೆಕ್ಕದಲ್ಲಿ ಪಾಲು ಮಾಡಿಕೊಂಡಿದ್ದರೆ ಅವರ ನಡುವಿನ ಗೆರೆ ಸಾಲುಗಳ ಮಧ್ಯೆ ಹೋಗುತ್ತದೆ. ಸಮಪಾಲಿನ ಗುಂಟೆಗಳನ್ನು ಕಾಗದದ ಮೇಲೆ ಭಾಗಿಸುವ ನಕ್ಷೆಯ ಗೆರೆ ಫಲ ಬಿಡುವ ಮರಗಳ ಬುಡದಲ್ಲೇ ಹಾಯಬಹುದು. ನಕ್ಷೆಯಲ್ಲಿ ವಿಸ್ತೀರ್ಣ ಇರುತ್ತದೆ, ಮರ, ಕೊಳವೆಬಾವಿ, ನೀರಿನ ಪೈಪು ಇವು ಯಾರ ಪಾಲಿಗೆ ಎಂಬ ತೀರ್ಮಾನ ಇರುವುದಿಲ್ಲ. ಒಬ್ಬನು ತನ್ನ ಪಾಲನ್ನು ಹೊರಗಿನವನಿಗೆ ಮಾರುವವರೆಗೂ ಮನೆಯ ಒಳಗಿನ ಒಪ್ಪಂದ ಸಾಕಾಗುತ್ತದೆ, ಮಾರಿದ ದಿನ ಅದು ಮುರಿದುಬೀಳುತ್ತದೆ.

ಅಡಿಪಾಯದ ಎರಡನೆಯ ದೋಷ ದಾಖಲೆಗಳ ಹೊಂದಾಣಿಕೆಯದು. ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣವನ್ನೂ ಕಂದಾಯದ ಆಕಾರವನ್ನೂ ನಿಗದಿಪಡಿಸಿದ ದಾಖಲೆ ಆಕಾರಬಂದ್. ಹಕ್ಕುದಾರರ ಹೆಸರು, ವಿಸ್ತೀರ್ಣ, ಬೆಳೆಗಳನ್ನು ಹೇಳುವುದು ಪಹಣಿ. ದಶಕಗಳ ಅವಧಿಯಲ್ಲಿ ಪಾಲು, ಮಂಜೂರಾತಿ, ಮಾರಾಟಗಳು ಅಳತೆಯಿಲ್ಲದೆ ನಮೂದಾಗುತ್ತ ಬಂದ ನಂಬರುಗಳಲ್ಲಿ ಪಹಣಿಯ ಹಿಡುವಳಿಗಳನ್ನೆಲ್ಲ ಕೂಡಿದರೆ ಆಕಾರಬಂದಿನ ಮೊತ್ತವನ್ನು ಮೀರುವುದುಂಟು. ಸರ್ಕಾರಿ ಜಮೀನನ್ನು ದರಖಾಸ್ತು ಮೂಲಕ ಹಲವರಿಗೆ ಮಂಜೂರು ಮಾಡಿ ಪೋಡಿ ಮಾಡದೆ ಬಿಟ್ಟ ನಂಬರುಗಳಲ್ಲಿ ಈ ಗೊಂದಲ ಅತಿಯಾಗಿದೆ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಕ್ಕೆ ಏರಿಸಿ ರೈತನಿಗೆ ದೊಡ್ಡ ಉಪಕಾರ ಮಾಡಿತು, ಆದರೆ ಅದು ಏರಿಸಿದ್ದು ಕಾಗದದಲ್ಲಿದ್ದ ಅಂಕಿಗಳನ್ನೇ ಹೊರತು ನೆಲದ ಅಳತೆಯನ್ನಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 133ನೆಯ ಕಲಮು ಸಹ ಹಕ್ಕುದಾಖಲೆಯ ನಮೂದುಗಳನ್ನು ತದ್ವಿರುದ್ಧ ರುಜುವಾತಾಗುವವರೆಗೆ ಮಾತ್ರ ಸತ್ಯವೆಂದು ಊಹಿಸುತ್ತದೆ. 1858ರಲ್ಲೇ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದ ಟಾರೆನ್ಸ್ ಪದ್ಧತಿಯಲ್ಲಿ ನೋಂದಾಯಿತ ಹಕ್ಕಿಗೆ ಸರ್ಕಾರವೇ ಖಾತರಿ ಕೊಡುತ್ತದೆ. ಇಲ್ಲಿ ಖಾತರಿಯ ಹೊಣೆ ಕೊಳ್ಳುವವನ ತಲೆಯ ಮೇಲಿದೆ. 2024ರಲ್ಲಿ ರಾಜ್ಯ ಸರ್ಕಾರ ಕೈಗೆತ್ತಿಕೊಂಡ ದರಖಾಸ್ತು ಪೋಡಿ ಅಭಿಯಾನ ಈ ಹಳೆಯ ಬಾಕಿಯನ್ನು ತೀರಿಸುವ ದಿಕ್ಕಿನಲ್ಲಿ ಇಟ್ಟ ಸರಿಯಾದ ಹೆಜ್ಜೆ, ಏಕೆಂದರೆ ಅದು ಮಾರುವವನ ಅರ್ಜಿಗೆ ಕಾಯದೆ ಸರ್ಕಾರವೇ ಮುಂದಾಗಿ ಇಡೀ ನಂಬರನ್ನು ಅಳೆಯುವ ಕೆಲಸ.

ಇನ್ನು ವೆಚ್ಚದ ಮಾತು. ನಕ್ಷೆಯ ಸರ್ಕಾರಿ ಶುಲ್ಕ ವಿಸ್ತೀರ್ಣದ ಹಂತಗಳನ್ನು ಅನುಸರಿಸುತ್ತದೆ, ಮೊದಲ ಹಂತದೊಳಗೆ ಎಲ್ಲರಿಗೂ ದರ ಒಂದೇ. ಇದರಿಂದಾಗಿ ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಹತ್ತು ಗುಂಟೆ ಮಾರುವವನು ಒಂದು ಎಕರೆ ಮಾರುವವನಷ್ಟೇ ಶುಲ್ಕ ತೆರುತ್ತಾನೆ. ಗುಂಟೆಯ ಲೆಕ್ಕದಲ್ಲಿ ನೋಡಿದರೆ ಅವನ ಹೊರೆ ನಾಲ್ಕು ಪಟ್ಟು. ರಸೀದಿಗೆ ಬರುವ ಈ ಮೊತ್ತವನ್ನು ಹೇಗೋ ಭರಿಸಬಹುದು. ರಸೀದಿಗೆ ಬಾರದ ವೆಚ್ಚವೇ ದೊಡ್ಡದು: ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು, ಜಂಟಿ ಖಾತೆಯಲ್ಲಿ ಹೆಸರಿರುವ, ಬೆಂಗಳೂರಿಗೋ ಹಾಸನಕ್ಕೋ ಹೋಗಿ ನೆಲೆಸಿದ ಪಾಲುದಾರರ ಸಹಿ, ತೀರಿಹೋದವರ ಹೆಸರು ತೆಗೆಸಿ ವಾರಸುದಾರರ ಖಾತೆ ಮಾಡಿಸುವ ಪೌತಿ ಖಾತೆಯ ಕೆಲಸ, ನಾಡಕಚೇರಿಗೂ ತಾಲ್ಲೂಕು ಕೇಂದ್ರಕ್ಕೂ ತಿರುಗುವ ಕೂಲಿಯ ದಿನಗಳು. ತುರ್ತಿಗಾಗಿ ಮಾರುವವನಿಗೆ ತಡವೇ ಅತ್ಯಂತ ದುಬಾರಿ ಶುಲ್ಕ, ಏಕೆಂದರೆ ಕಾಯಲಾಗದವನು ಬೆಲೆ ಇಳಿಸಿ ಒಪ್ಪಿಕೊಳ್ಳುತ್ತಾನೆ. ಅಳತೆ ತಪ್ಪಿದರೆ ಕೊಳ್ಳುವವನು ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ನೇಮಕವಾಗುವ ಕೋರ್ಟ್ ಕಮಿಷನರ್ ಮೂಲಕ ಅದೇ ನೆಲವನ್ನು ಮತ್ತೊಮ್ಮೆ ಅಳೆಸಬೇಕಾಗುತ್ತದೆ.

ಭಾಗ ಮಾಡಿ ಮಾರಿದ ನೆಲಕ್ಕೆ ದಾರಿ ಎಲ್ಲಿಂದ ಎಂಬ ಪ್ರಶ್ನೆಯನ್ನು 11ಇ ಪದ್ಧತಿ ಬಹುಮಟ್ಟಿಗೆ ಬದಿಗಿರಿಸಿದೆ. ಗ್ರಾಮನಕ್ಷೆಯಲ್ಲಿ ಕಾಣುವ ದಾರಿ ಬೇರೆ, ರೂಢಿಯಿಂದ ಓಡಾಡುವ ದಾರಿ ಬೇರೆ; ಹಿಂದಿನ ಹಿಸ್ಸಾ ಮಾರಾಟವಾದಾಗ ಮುಂದಿನ ಹಿಸ್ಸೆಯವನು ಬೇಲಿ ಹಾಕಿದರೆ ಕೊಂಡವನು ಕಾಲಿಡಲಾಗದ ಜಮೀನಿಗೆ ಒಡೆಯನಾಗುತ್ತಾನೆ. ಖರಾಬಿನ ಸಮಸ್ಯೆಯೂ ಇದಕ್ಕೆ ಹತ್ತಿರದ್ದು. ಸಾಗುವಳಿಗೆ ಯೋಗ್ಯವಲ್ಲವೆಂದು ಕಂದಾಯದಿಂದ ಬಿಟ್ಟ ನೆಲ ಖರಾಬು. ಅದರಲ್ಲಿ ಎ ಖರಾಬು ಹಿಡುವಳಿದಾರನದು, ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉಪಯೋಗದ ಬಿ ಖರಾಬು ಸರ್ಕಾರದ್ದು. ಬೇಲೂರಿನ ಪಶ್ಚಿಮ ಭಾಗದ ಏರುತಗ್ಗಿನ ಜಮೀನುಗಳಲ್ಲಿ ಖರಾಬನ್ನು ಯಾವ ಹಿಸ್ಸೆಗೆ ಸೇರಿಸಲಾಗಿದೆ ಎಂಬುದನ್ನು ನೋಡದೆ ಕೊಟ್ಟ ಬೆಲೆ ಅರ್ಧ ಬಂಡೆಗೆ ಕೊಟ್ಟ ಬೆಲೆಯಾಗಬಹುದು.

ಹಳೇಬೀಡಿನಲ್ಲಿ ನೆಲದ ಬೆಲೆಯನ್ನು ನಿರ್ಧರಿಸುವ ಇನ್ನೊಂದು ಅಳತೆ ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ಅನುಮತಿ ಪಡೆದು ಕಟ್ಟಬೇಕಾದ ನಿಯಂತ್ರಿತ ಪ್ರದೇಶ. ಹೊಯ್ಸಳೇಶ್ವರ, ಕೇದಾರೇಶ್ವರ ದೇವಾಲಯಗಳೂ ಬಸ್ತಿಹಳ್ಳಿಯ ಜೈನ ಬಸದಿಗಳೂ ಹತ್ತಿರ ಹತ್ತಿರ ಇರುವುದರಿಂದ ಅಲ್ಲಿ ಈ ನಿರ್ಬಂಧದ ನೆಲವೇ ವಿಸ್ತಾರವಾಗಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸೋದ್ಯಮದ ನಿರೀಕ್ಷೆಯಲ್ಲಿ ಸುತ್ತಲಿನ ಹೊಲಗಳನ್ನು ತುಂಡು ಮಾಡಿ ಮಾರುವ ಆಸೆ ಸಹಜವಾದದ್ದೇ. ಆದರೆ ಈ ನಿರ್ಬಂಧವನ್ನು 11ಇ ನಕ್ಷೆಯ ಮೇಲೆ ಎದ್ದು ಕಾಣುವಂತೆ ನಮೂದಿಸದಿದ್ದರೆ, ಕಟ್ಟಲಾಗದ ನೆಲವನ್ನು ಕಟ್ಟುವ ನೆಲದ ಬೆಲೆಗೆ ಕೊಳ್ಳುವವರು ಇದ್ದೇ ಇರುತ್ತಾರೆ.

ನಿವೇಶನಗಳಾಗಿ ಮಾರುವುದಾದರೆ ದಾರಿಯೇ ಬೇರೆ: ಭೂಕಂದಾಯ ಕಾಯ್ದೆಯ 95ನೆಯ ಕಲಮಿನಡಿ ಕೃಷಿಯೇತರ ಬಳಕೆಗೆ ಪರಿವರ್ತನೆ, ಅನಂತರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಡಿ ಬಡಾವಣೆ ನಕ್ಷೆಗೆ ಅನುಮೋದನೆ, ಅದಕ್ಕಾಗಿ ರಸ್ತೆ, ಉದ್ಯಾನಗಳಿಗೆ ನೆಲ ಬಿಟ್ಟುಕೊಡುವುದು. ಈ ವೆಚ್ಚ ತಪ್ಪಿಸಲು ಕೃಷಿ ಜಮೀನನ್ನೇ ಗುಂಟೆಗಳಾಗಿ ಒಡೆದು ಮಾರುವ ರೆವಿನ್ಯೂ ನಿವೇಶನಗಳಲ್ಲಿ ಉಳಿಯುವ ಹಣ ಮಾರುವವನದು, ಮುಂದೆ ಖಾತೆಗೂ ಪರವಾನಗಿಗೂ ಅಲೆಯುವ ಕಷ್ಟ ಕೊಳ್ಳುವವನದು.

ತಂತ್ರಜ್ಞಾನದಿಂದ ಎಲ್ಲವೂ ಸರಿಹೋಗುತ್ತದೆಂಬ ಭರವಸೆಗೆ ಆಧಾರ ಸಾಲದು. ಡ್ರೋನ್ ಆಧಾರಿತ ಮರುಮೋಜಣಿಗೆ ರಾಜ್ಯ ಆರಿಸಿಕೊಂಡ ಮೊದಲ ಜಿಲ್ಲೆಗಳಲ್ಲಿ ಹಾಸನವೂ ಒಂದು. ಡ್ರೋನು ಇಂದಿನ ಬದುವನ್ನು ನಿಖರವಾಗಿ ತೋರಿಸುತ್ತದೆ, ಆ ಬದು ಇರಬೇಕಾದಲ್ಲೇ ಇದೆಯೇ ಎಂಬುದನ್ನು ಹೇಳಲಾರದು. 2022ರಲ್ಲಿ ಬಂದ ‘ಸ್ವಾವಲಂಬಿ’ ಆ್ಯಪ್ ಜಮೀನಿನ ಒಡೆಯರೇ ನಕ್ಷೆ ತಯಾರಿಸಿ ಸಲ್ಲಿಸಲು ಅವಕಾಶ ಕೊಟ್ಟಿತು. ಪಾಲುದಾರರಲ್ಲಿ ಒಮ್ಮತವಿರುವ ಕುಟುಂಬಕ್ಕೆ ಇದು ವರ. ಒಮ್ಮತವಿಲ್ಲದಲ್ಲಿ, ಮೂಲ ದಾಖಲೆ ತಾಳೆಯಾಗದಲ್ಲಿ, ಅದರಿಂದ ಹೆಚ್ಚಿನ ಸಹಾಯವಿಲ್ಲ.

ಹೀಗಾಗಿ 11ಇ ಪದ್ಧತಿಯನ್ನು ಕೈಬಿಡಬೇಕೆನ್ನುವುದು ತಪ್ಪು, ಇಂದಿನಂತೆಯೇ ನಡೆಸುವುದೂ ತಪ್ಪು. ಮಾರುವ ತುಂಡನ್ನು ಮಾತ್ರ ಮಾರುವವನ ಖರ್ಚಿನಲ್ಲಿ ಅಳೆಯುವ ಬದಲು, ಮೊದಲ ಅರ್ಜಿ ಬಂದ ದಿನವೇ ಇಡೀ ಸರ್ವೆ ನಂಬರನ್ನು ಸರ್ಕಾರದ ಖರ್ಚಿನಲ್ಲಿ ಅಳೆದು ಆಕಾರಬಂದಿನೊಡನೆ ತಾಳೆ ಮಾಡಬೇಕು. ಮಾರುವ ತುಂಡಿನ ನಕ್ಷೆಗೆ ಶುಲ್ಕ ಪಡೆಯುವುದಾದರೆ ಅದು ಗುಂಟೆಯ ಲೆಕ್ಕದಲ್ಲಿರಬೇಕು. ದಾರಿ, ಖರಾಬು, ಸ್ಮಾರಕದ ನಿರ್ಬಂಧ ನಕ್ಷೆಯಲ್ಲೇ ನಮೂದಾಗಬೇಕು. ಅದು ಆಗುವವರೆಗೆ ಈ ಸೀಮೆಯಲ್ಲಿ ಜಮೀನಿನ ಭಾಗವನ್ನು ಕೊಳ್ಳುವವರು ಮುಂಗಡ ಕೊಡುವ ಮೊದಲು ಮೂಲ ಟಿಪ್ಪಣಿಯ ನಕಲು, ಆಕಾರಬಂದ್, ಮಂಜೂರಾತಿಯ ಕಡತಗಳನ್ನು ಕೇಳಿ ನೋಡಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸಿರುವುದರಿಂದ, ಅಂಥ ಜಮೀನಿಗೆ ಎಷ್ಟೇ ನಿಖರವಾದ ನಕ್ಷೆ ಇದ್ದರೂ ಕ್ರಯ ನಿಲ್ಲುವುದಿಲ್ಲ.